ನೀವು ಅವರಿಗೆ ಏನಾಗಬೇಕು?

ಉತ್ತರ ಕನ್ನಡ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ, ಕಾರವಾರದಿಂದ ಭಟ್ಕಳದವರೆಗೆ, ಶಿರಸಿಯಿಂದ ಜೋಯಿಡಾದವರೆಗೆ ಹೆರಿಗೆ ಮಾಡಿಸುವ ಎಲ್ಲ ಆಸ್ಪತ್ರೆಗಳ ಮುಖ್ಯಸ್ಥರಿಗೆ, ಮತ್ತು ಹೆರಿಗೆ ಕೋಣೆಯ ಬಾಗಿಲು ಕಾಯುವವರಿಗೆ,

ನಮಸ್ಕಾರ.

ನಾನು ಕುಮಟಾ ಕಡೆಯವಳು. ಮನೆಯ ಎದುರಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ, ನೈಟಿ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ನಿಮ್ಮ ಇಲಾಖೆಗೂ ನನಗೂ ಏನೂ ಸಂಬಂಧ ಇಲ್ಲ. ಆದರೂ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ, ಬೆಂಗಳೂರಿಗೆ ಫೈಲು ಹೋಗಿ ಬರುವುದೂ ಬೇಡ. ಹೆರಿಗೆಗೆ ಬಂದ ಹೆಂಗಸು ತನ್ನ ಜೊತೆ ಯಾರು ಇರಬೇಕು ಎನ್ನುತ್ತಾಳೋ ಅವರನ್ನು ಒಳಗೆ ಬಿಡಿ. ಅವರು ಅವಳಿಗೆ ಏನಾಗಬೇಕು ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳಬೇಡಿ.

ಈ ಪ್ರಶ್ನೆಯನ್ನು ನನಗೆ ಕೇಳಿದ್ದಾರೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಕೊಡಲು ಬರೆದ ಪತ್ರ ಇದಲ್ಲ. ಎಲ್ಲಿ ಹೋದರೂ ಹೆಚ್ಚುಕಡಿಮೆ ಇದೇ ಮಾತು ಎಂದು ನನ್ನ ಹತ್ತಿರ ಬಟ್ಟೆ ಹೊಲಿಸಿಕೊಳ್ಳುವ ಹೆಂಗಸರು ಹೇಳುತ್ತಾರೆ. ಹೊಲಿಗೆಯವಳ ಕೋಣೆಯಲ್ಲಿ ಕೇಳಿಬರುವಷ್ಟು ಹೆರಿಗೆಯ ಕತೆ ನಿಮ್ಮ ಮೀಟಿಂಗಿನಲ್ಲೂ ಬರಲಿಕ್ಕಿಲ್ಲ.

ನಮ್ಮ ಕೇರಿಯಲ್ಲಿ ಒಬ್ಬಳು ಬಾಡಿಗೆಗೆ ಇದ್ದಾಳೆ. ಬಿಜಾಪುರ ಕಡೆಯ ಹುಡುಗಿ. ಪ್ರಾಥಮಿಕ ಶಾಲೆಯ ಟೀಚರ್. ಗಂಡ ಬಸ್ಸಿನ ಡ್ರೈವರ್, ಒಂದು ರಾತ್ರಿ ಇಲ್ಲಿದ್ದರೆ ಇನ್ನೊಂದು ರಾತ್ರಿ ದೂರದ ರೂಟಿನಲ್ಲಿ. ಅವಳು ನನಗೆ ಗಿರಾಕಿ, ಅಷ್ಟೇ. ಮದುವೆ-ಮುಂಜಿಗೆ ಕರೆಯುವಷ್ಟು ಬಳಕೆಯೂ ಇರಲಿಲ್ಲ. ಐದು ತಿಂಗಳು ತುಂಬಿದ ಮೇಲೆ ರವಿಕೆಗಳನ್ನು ತಂದು, ಬಗಲಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಿ ಅಂದಳು. ಮತ್ತೊಂದು ಸಲ ಬಂದಾಗ ಹಾಲೂಡಿಸಲು ಅನುಕೂಲ ಆಗುವಂಥ ನೈಟಿ ಬೇಕು ಅಂದಳು. ಮುಂದೆ ಎರಡು ಕಡೆ ಜಿಪ್ ಇಡೋದು. ನಾನು ಅಳತೆ ತೆಗೆಯುತ್ತಿದ್ದೆ. ಟೇಪು ಇನ್ನೂ ಅವಳ ಸೊಂಟದ ಸುತ್ತ ಇತ್ತು.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ ಮಾಡ್ಕೋಬ್ಯಾಡ್ರಿ. ನಂದು ದಿನಾ ತುಂಬಿದಾಗ ದವಾಖಾನಿ ಒಳಗ ನನ್ ಕೂಡ ಇರ್ತೀರೇನ್ರಿ?"

ಅವಳ ತಾಯಿ ತೀರಿಕೊಂಡಿದ್ದಾರೆ ಎಂದು ಗೊತ್ತಿತ್ತು. ಅತ್ತೆ ಇದ್ದಾರೆ ಅಂತಲೂ ಗೊತ್ತಿತ್ತು. ಹಾಗಾಗಿ, "ನಿಮ್ಮತ್ತೆ ಬರೂದಿಲ್ವೆ?" ಎಂದು ಕೇಳಿದೆ.

"ಬರ್ತಾರ್ರಿ. ಬಾಣಂತಿತನಕ್ಕ ಬರ್ತಾರ. ಚಲೋ ಮಂದಿನ ಅದಾರ. ಆದ್ರ ಒಳಗ ಅವ್ರ್ ಬ್ಯಾಡ್ರಿ. ಅವ್ರ್ ಮುಂದ ನಂಗ ಅಳಾಕ ಆಗೂದಿಲ್ಲ."

ಸಾಹೇಬರೇ, ನಿಮ್ಮ ಯಾವ ಫಾರ್ಮಿನಲ್ಲೂ ಈ ಮಾತು ಬರೆಯಲು ಜಾಗ ಇಲ್ಲ. ಸಂಬಂಧಿಕರು ಇಲ್ಲದವರ ಕಷ್ಟ ಒಂದು. ಸಂಬಂಧಿಕರು ಇದ್ದೂ ಅವರ ಮುಂದೆ ಅಳಲು ಆಗದವರ ಕಷ್ಟ ಇನ್ನೊಂದು. ಹೆರಿಗೆ ಬೇನೆ ಬಂದಾಗ ಬಟ್ಟೆಯ ಮೇಲೆ ನಿಗಾ ಇರುವುದಿಲ್ಲ. ಬಾಯಿಗೆ ಬಂದದ್ದು ಕೂಗುತ್ತಾರೆ. ಮೂತ್ರ, ಮಲ ಎಲ್ಲ ಅಲ್ಲೇ ಆಗಿಬಿಡುತ್ತದೆ. ನಾಳೆಯಿಂದ ಅದೇ ಅತ್ತೆಯ ಎದುರು ತಲೆ ಎತ್ತಿ ಓಡಾಡಬೇಕು ಅಂತ ಒಬ್ಬಳಿಗೆ ಅನ್ನಿಸಿದರೆ ತಪ್ಪಾ? ಅತ್ತೆಯಾದವಳು ಕೆಟ್ಟವಳೇ ಆಗಿರಬೇಕು ಅಂತೇನಿಲ್ಲ. ಹೆರಿಗೆಗೆ ನಾಚಿಕೆ ಬೇಕಿಲ್ಲದ ಜನ ಬೇಕು. ಅಷ್ಟೇ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಹೆದರಿಕೆ ಆಯಿತು. ನಮ್ಮ ಕಡೆ ಮಾತು ಗೊತ್ತಲ್ಲ: ಎಲ್ಲ ಸುಸೂತ್ರ ಆದರೆ ದೇವರ ದಯೆ, ಸ್ವಲ್ಪ ಹೆಚ್ಚುಕಮ್ಮಿ ಆದರೆ ಪಕ್ಕದಲ್ಲಿದ್ದವರ ಕಾಲ್ಗುಣ. ಪಕ್ಕದ ಮನೆಯವಳು, "ಯಾರದ್ದೋ ಹೊಣೆ ನೀ ಎಂತಕ್ಕೆ ತಲೆ ಮೇಲೆ ಹೊತ್ಕೊಳ್ತೆ?" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಗಾಗಿ ಹುಡುಗಿಯನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಮಾತಾಡಿದೆ. ನಾನು ಜೊತೆಗಿರುತ್ತೇನೆ, ತೀರ್ಮಾನ ನನ್ನದಲ್ಲ. ಆಪರೇಷನ್ ಬೇಕೋ ಬೇಡವೋ ಎನ್ನುವುದು ಡಾಕ್ಟರು ಮತ್ತು ಅವಳು ಮಾತಾಡಿಕೊಳ್ಳುವ ವಿಷಯ. ದುಡ್ಡಿನ ವಿಷಯ ಗಂಡನದು. ಊರಿಗೆಲ್ಲ ಫೋನ್ ಮಾಡಿ ಸುದ್ದಿ ಹೇಳುವ ಕೆಲಸವೂ ನನಗೆ ಬೇಡ. ಇಷ್ಟು ಆದ ಮೇಲೆ ಹೂಂ ಅಂದೆ. ಗಂಡನ ನಂಬರು, ಡಿಪೋದ ನಂಬರು, ಆಶಾ ಕಾರ್ಯಕರ್ತೆಯ ನಂಬರು ತಾಯಿ ಕಾರ್ಡಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದೆವು.

ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ಇರುತ್ತದಲ್ಲ, ಅದಕ್ಕೆ ಒಮ್ಮೆ ಅವಳ ಜೊತೆ ಹೋದೆ. ಅಲ್ಲಿದ್ದ ಸಿಸ್ಟರ್ ಹತ್ತಿರ, "ಹೆರಿಗೆ ಹೊತ್ತಿಗೆ ನಾನು ಒಳಗಿರಬಹುದಾ?" ಎಂದು ಕೇಳಿದೆ. "ಆವಾಗ ನೋಡ್ವ" ಅಂದರು. ಪಾಪ, ಅವರ ಮುಂದೆ ಅಷ್ಟುದ್ದ ಸಾಲು ಇತ್ತು.

ಆ "ಆವಾಗ" ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಬಂತು. ಗಂಡ ಹುಬ್ಬಳ್ಳಿ ಕಡೆ ಗಾಡಿಯಲ್ಲಿದ್ದ. ಅತ್ತೆ ಊರಿನಿಂದ ಹೊರಟಿರಲಿಲ್ಲ. 108ಕ್ಕೆ ಫೋನ್ ಮಾಡಿದೆವು, ಬಂತು. ಅದಕ್ಕೆ ನಿಮಗೆ ಕೃತಜ್ಞತೆ ಹೇಳಲೇಬೇಕು. ಆಸ್ಪತ್ರೆ ಮುಟ್ಟಿದ ಮೇಲೆ ಅವಳನ್ನು ಒಳಗೆ ಕರೆದುಕೊಂಡರು. ನನ್ನನ್ನು ಬಾಗಿಲಲ್ಲಿ ತಡೆದರು.

"ನೀವು ಅವ್ರಿಗೆ ಏನಾಗ್ಬೇಕು?"

"ಪರಿಚಯದವಳು. ಒಂದೇ ಕೇರಿಯವರು."

"ಗಂಡನ ಕಡೆಯವ್ರಾ, ತಾಯಿ ಕಡೆಯವ್ರಾ?"

"ಎರಡೂ ಅಲ್ಲ."

"ಹಾಗಾದ್ರೆ ಹೊರಗೆ ಕೂತ್ಕೊಳಿ."

ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು, "ಚಿಕ್ಕಮ್ಮ ಅಂತ ಹೇಳೆ, ಯಾರ್ ನೋಡೂಕೆ ಬತ್ರು?" ಎಂದು ಉಪಾಯ ಹೇಳಿಕೊಟ್ಟಳು. ನನಗೆ ಮನಸ್ಸಾಗಲಿಲ್ಲ. ಹೆರಿಗೆಗೆ ಜೊತೆ ನಿಲ್ಲಲು ಒಬ್ಬಳು ಸುಳ್ಳು ಹೇಳಬೇಕು ಎಂದರೆ ಅದು ಎಂಥ ನಿಯಮ?

ಇನ್ನೂ ಇದೆ ಕೇಳಿ. ಸ್ವಲ್ಪ ಹೊತ್ತಿಗೆ ಒಬ್ಬರು ಕೇಸ್ ಪೇಪರ್ ಹಿಡಿದುಕೊಂಡು ಹೊರಗೆ ಬಂದರು. "ಈ ಪೇಷಂಟ್ ಕಡೆಯವ್ರು ಯಾರು? ಇಲ್ಲೊಂದು ಸೈನ್ ಹಾಕಿ." ಏನು ಎಂದು ಕೇಳಿದೆ. ಬಿಪಿ ಸ್ವಲ್ಪ ಜಾಸ್ತಿ ಇದೆ, ಬೇಕಾದರೆ ಸಿಜೇರಿಯನ್ ಮಾಡಲು ಒಪ್ಪಿಗೆ ಅಂತ. ಒಳಗೆ ಬಿಡುವಾಗ ನಾನು ಅವಳಿಗೆ ಏನೂ ಆಗದವಳು. ಸೈನ್ ಹಾಕುವಾಗ ಮಾತ್ರ ಅವಳ ಕಡೆಯವಳು ಆಗಿಬಿಟ್ಟೆ!

ನಾನು ಸಹಿ ಹಾಕಲಿಲ್ಲ. "ಅವಳು ಟೀಚರ್, ಎಚ್ಚರ ಇದ್ದಾಳೆ, ಅವಳಿಗೇ ಓದಿ ಹೇಳಿ ಸಹಿ ತಗೊಳ್ಳಿ" ಅಂದೆ. ಅವರಿಗೆ ಸಿಟ್ಟು ಬಂತು. ಆದರೆ ನಾನು ಹೇಳಿದ್ದು ಸರಿ ಎಂದು ಆಮೇಲೆ ತಿಳಿಯಿತು. ನನ್ನ ತಂಗಿಯ ಮಗಳು ನರ್ಸಿಂಗ್ ಓದುತ್ತಾಳೆ, ಈ ಪತ್ರದಲ್ಲಿರುವ ಕಾಯ್ದೆ-ಕಾನೂನಿನ ಮಾತೆಲ್ಲ ಅವಳೇ ಹುಡುಕಿ ಓದಿ ಹೇಳಿದ್ದು. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆಯಂತೆ. ಮಗಳಿಗೆ ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ ತಾಯಿಯಿಂದ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ ತೆಗೆದಿದ್ದರು. ವಯಸ್ಸಿಗೆ ಬಂದ, ಬುದ್ಧಿ ಸ್ಥಿಮಿತ ಇರುವ ಹೆಂಗಸಿನ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಅಲ್ಲಿ ನಡೆಯುವುದಿಲ್ಲ ಎಂದು ಕೋರ್ಟ್ ಹೇಳಿತು. ತಾಯಿಯದೇ ನಡೆಯದಿದ್ದರೆ ಹೊಲಿಗೆಯವಳದ್ದು ಹೇಗೆ ನಡೆಯುತ್ತದೆ? ಅಂದರೆ, "ಸಂಬಂಧಿಕರೇ ಬೇಕು, ಸಹಿಗೆ ಬೇಕಾಗ್ತದೆ" ಎನ್ನುವ ಕಾರಣಕ್ಕೆ ತಳ ಇಲ್ಲ. ಸಹಿ ಅವಳದು. ಜೊತೆಗಿರುವವರ ಕೆಲಸ ಬೇರೆ.

ಆ ಕೆಲಸ ಏನು ಎಂದು ಹೇಳುತ್ತೇನೆ. ರಾತ್ರಿ ಎಂಟಕ್ಕೆ ಪಾಳಿ ಬದಲಾಯಿತು. ಹೊಸದಾಗಿ ಬಂದ ಸಿಸ್ಟರ್ ಸ್ವಲ್ಪ ವಯಸ್ಸಾದವರು. ಒಳಗೆ ಹೋದವರು ಐದು ನಿಮಿಷಕ್ಕೆ ಹೊರಗೆ ಬಂದು, "ಅಕ್ಕಾರ ಅಕ್ಕಾರ ಅಂತ ಕರೀತಾ ಇದ್ದಾಳೆ, ಆ ಅಕ್ಕ ನೀವೇನಾ? ಚಪ್ಪಲಿ ಬಿಟ್ಟು, ಕೈ ತೊಳ್ಕೊಂಡು ಬನ್ನಿ" ಅಂದರು. ಅದೇ ಆಸ್ಪತ್ರೆ, ಅದೇ ಬಾಗಿಲು, ಅದೇ ನಾನು. ಬದಲಾದದ್ದು ಪಾಳಿ ಮಾತ್ರ. ಮೊದಲಿನ ಸಿಸ್ಟರಿಗೆ ತಿಳಿಯದ ನಿಯಮ ಇವರಿಗೆ ತಿಳಿದಿತ್ತು ಅಂತಲೂ ಅಲ್ಲ. ಇವರಿಗೆ ಮನಸ್ಸು ಬಂತು. ನನ್ನ ತಕರಾರು ಇರುವುದೇ ಇಲ್ಲಿ. ಬಸುರಿಯ ಜೊತೆ ಜನ ಇರುವುದು ಯಾರದೋ ಮನಸ್ಸು ಬಂದರೆ ಎನ್ನುವ ಹಾಗೆ ಇರಬಾರದು.

ಒಳಗೆ ಅವಳು ಅಂಗಾತ ಮಲಗಿ ಕಬ್ಬಿಣದ ಮಂಚದ ಸರಳು ಹಿಡಿದಿದ್ದಳು. ಗೆಣ್ಣು ಬೆಳ್ಳಗಾಗಿತ್ತು. ನೋವಿಗಿಂತ ಜಾಸ್ತಿ ಹೆದರಿಕೆಯೇ ಇತ್ತು. ಕಾರಣ ಕೇಳಿ ನನಗೆ ನಗು ಬಂತು, ಆದರೆ ಅವಳಿಗೆ ಅದು ನಗುವ ವಿಷಯ ಆಗಿರಲಿಲ್ಲ. ಸಿಸ್ಟರೂ ಆಯಾನೂ ಕೊಂಕಣಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ಇದು ದಿನದ ಮಾತು. ಬಿಜಾಪುರದ ಹುಡುಗಿಗೆ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಮಗುವಿಗೆ ಏನೋ ಆಗಿದೆ, ತನಗೆ ಗೊತ್ತಾಗಬಾರದು ಅಂತ ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು ನಡುಗುತ್ತಿದ್ದಳು. ನಾನು ಕಿವಿಕೊಟ್ಟು ಕೇಳಿ, "ಅಯ್ಯೋ ಮಾರಾಯ್ತಿ, ಬಂಗಡೆ ಮೀನಿಗೆ ಉಪ್ಪು ಹೆಚ್ಚಾಗಿತ್ತು ಅಂತ ಹೇಳ್ತಿದ್ದಾರೆ" ಅಂದೆ. ಅವಳಿಗೆ ನೋವಿನ ಮಧ್ಯೆಯೇ ನಗು ಬಂತು. ಸಿಸ್ಟರಿಗೂ ಗೊತ್ತಾಗಿ ಅವರೂ ನಕ್ಕರು. ಅಲ್ಲಿಂದ ಮುಂದೆ ಅವರು ಏನು ಮಾಡುವುದಿದ್ದರೂ ಅವಳಿಗೆ ಕನ್ನಡದಲ್ಲೇ ಹೇಳಿ ಮಾಡಿದರು.

ಉಳಿದದ್ದೆಲ್ಲ ಸಣ್ಣಪುಟ್ಟ ಕೆಲಸ. ಸಿಸ್ಟರನ್ನು ಕೇಳಿ ಗುಟುಕು ಗುಟುಕು ನೀರು ಕೊಟ್ಟೆ. ಬೇನೆ ಬಂದಾಗ ಸೊಂಟದ ಕೆಳಗೆ ಅಂಗೈ ಒತ್ತಿ ಹಿಡಿದೆ. ತಿಕ್ಕುವುದಕ್ಕಿಂತ ಸುಮ್ನೆ ಒತ್ತಿ ಹಿಡಿಯುವುದೇ ಅವಳಿಗೆ ಹಿತ ಆಗುತ್ತಿತ್ತು. ಸಿಸ್ಟರ್ ಬಿಪಿ ನೋಡಿ ಅಡ್ಡಾಡಬಹುದು ಅಂದ ಮೇಲೆ ಕೈ ಹಿಡಿದು ಗೋಡೆಯುದ್ದಕ್ಕೂ ನಡೆಸಿದೆ. ಬಾತ್‌ರೂಮಿನ ಬಾಗಿಲು ಕಾದೆ, ಅದರ ಚಿಲಕ ಮುರಿದಿತ್ತು. ಗಂಡನ ಫೋನ್ ಬಂದಾಗ ಅವಳ ಕಿವಿಗೆ ಹಿಡಿದೆ. ನಡುರಾತ್ರಿ ದಾಟಿದ ಮೇಲೆ ಅವಳು ಬಾಯಿತುಂಬ ಬೈದಳು, ಗಂಡನಿಗೆ, ನನಗೆ, ಬಸವಣ್ಣನಿಗೆ. ಹೂಂ, ಹೂಂ ಎಂದು ಕೇಳಿದೆ. ಬೆಳಗಾಗುವ ಮುಂಚೆ ಹೆಣ್ಣು ಮಗು ಆಯಿತು, ಆಪರೇಷನ್ ಇಲ್ಲದೆ. ತಾಯಿ ಮಗು ಇಬ್ಬರೂ ಹುಷಾರು.

ನಾನಿದ್ದದ್ದರಿಂದಲೇ ಹಾಗಾಯಿತು ಎಂದು ಹೇಳುತ್ತಿಲ್ಲ. ಹಾಗೆ ಹೇಳುವ ಹಕ್ಕು ನನಗಿಲ್ಲ. ಆದರೆ ಓದಿದವರು ಲೆಕ್ಕ ಹಾಕಿ ನೋಡಿದ್ದಾರೆ. 2017ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಹೆರಿಗೆ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದವರಿಗೆ ಸಹಜ ಹೆರಿಗೆ ಆಗುವುದು ಜಾಸ್ತಿ, ಸಿಜೇರಿಯನ್ ಕಡಿಮೆ, ಬೇನೆ ತಿನ್ನುವ ಹೊತ್ತೂ ಸ್ವಲ್ಪ ಕಡಿಮೆ ಎಂದು ಕಂಡಿತು. ಇದಕ್ಕಿಂತ ನನಗೆ ಹಿಡಿಸಿದ್ದು ಹಳೆಯ ಒಂದು ಅಧ್ಯಯನ. ಗ್ವಾಟೆಮಾಲಾ ಎಂಬ ದೇಶದ ಆಸ್ಪತ್ರೆಯೊಂದರಲ್ಲಿ ಆಗ ಬಸುರಿಯರನ್ನು ಒಬ್ಬೊಬ್ಬರೇ ಒಳಗೆ ಇಡುತ್ತಿದ್ದರು. ಅವರಲ್ಲಿ ಕೆಲವರ ಪಕ್ಕ ಒಬ್ಬ ಹೆಂಗಸನ್ನು ಕೂರಿಸಿ ನೋಡಿದರು. ಅವಳು ನರ್ಸ್ ಅಲ್ಲ, ಸೂಲಗಿತ್ತಿ ಅಲ್ಲ, ಬಸುರಿಯ ನೆಂಟಳೂ ಅಲ್ಲ. ಮೊದಲು ಕಂಡವಳೂ ಅಲ್ಲ! ಬೆನ್ನು ತಿಕ್ಕುವುದು, ಕೈ ಹಿಡಿಯುವುದು, ಮಾತಾಡುವುದು, ಇಷ್ಟೇ ಅವಳ ಕೆಲಸ. 1980ರಲ್ಲಿ ಅದರ ವರದಿ ಬಂತು. ದಾಖಲಾದಾಗಿನಿಂದ ಹೆರಿಗೆ ಆಗುವವರೆಗಿನ ಹೊತ್ತು ಒಂಟಿಯಾಗಿದ್ದವರಿಗೆ ಸರಾಸರಿ 19 ಗಂಟೆ ದಾಟಿತ್ತು, ಜೊತೆಗೆ ಜನ ಇದ್ದವರಿಗೆ 9 ಗಂಟೆಯೊಳಗೆ. ಅದು ಸಣ್ಣ ಅಧ್ಯಯನ, ಆಮೇಲೆ ಬಂದ ದೊಡ್ಡವುಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಇರಲಿ. ಪಕ್ಕದಲ್ಲಿ ಕೂತವಳು ರಕ್ತಸಂಬಂಧಿಯೇ ಆಗಬೇಕು ಅಂತೇನೂ ಇಲ್ಲ ಎನ್ನುವುದಕ್ಕೆ ಇಷ್ಟು ಸಾಕಲ್ವಾ?

ನೀವು ಹೇಳಬಹುದು, ನಿಯಮ ಹಾಗಿದೆ ಎಂದು. ನಿಯಮವನ್ನೂ ಓದಿಸಿ ಕೇಳಿದೆ. ಕೇಂದ್ರ ಆರೋಗ್ಯ ಇಲಾಖೆ 2016ರ ಫೆಬ್ರವರಿಯಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಬಹುದು ಎಂದಿದೆ. ಅದರಲ್ಲಿ "ಹೆಣ್ಣು ಸಂಬಂಧಿ" ಅಂತ ಇರುವುದು ನಿಜ. ಆದಷ್ಟು ಮಟ್ಟಿಗೆ ಹೆತ್ತ ಅನುಭವ ಇದ್ದವಳು, ಅಂಟುರೋಗ ಇಲ್ಲದವಳು, ಶುಚಿಯಾದ ಬಟ್ಟೆ ಹಾಕಿದವಳು, ಕೊನೆಯವರೆಗೂ ಇರಲು ತಯಾರಿರುವವಳು, ಸಿಬ್ಬಂದಿಯ ಕೆಲಸಕ್ಕೆ ಅಡ್ಡಬರದವಳು ಆಗಿರಬೇಕು. ಮರೆ ಇರುವ ಕಡೆ ಗಂಡನೂ ಇರಬಹುದು. ಆಮೇಲೆ 2017ರ ಡಿಸೆಂಬರಿನಲ್ಲಿ ಲಕ್ಷ್ಯ ಎಂಬ ಕಾರ್ಯಕ್ರಮ ಬಂತು, ಹೆರಿಗೆ ಕೋಣೆಗಳನ್ನು ಸುಧಾರಿಸಲಿಕ್ಕೆ. ಅದೂ ಜೊತೆಗಾತಿ ಇರಬೇಕು ಎನ್ನುತ್ತದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಸುರಿ ತಾನೇ ಆರಿಸಿಕೊಂಡವರು ಇರಲಿ ಎಂದಿತು. ಸಂಬಂಧಿಯೇ ಆಗಬೇಕು ಎನ್ನುವ ಮಾತು ಅಲ್ಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಹತ್ತಿರದ ಹೆಂಗಸೊಬ್ಬಳು ಜೊತೆಗಿರಲಿ ಅನ್ನುವುದು ಆ ನಿಯಮದ ಉದ್ದೇಶವೋ, ಅಥವಾ ಸಂಬಂಧಿ ಸಿಗದವಳು ಒಬ್ಬಳೇ ನರಳಲಿ ಅನ್ನುವುದೋ?

ನಮ್ಮ ಜಿಲ್ಲೆಯನ್ನೇ ನೋಡಿ. ಕೈಗಾದಲ್ಲಿ, ಸೀಬರ್ಡ್ ನೌಕಾನೆಲೆಯಲ್ಲಿ ಎಲ್ಲೆಲ್ಲಿಂದಲೋ ಬಂದವರು ದುಡಿಯುತ್ತಾರೆ. ಬೋಟಿನ ಕೆಲಸಕ್ಕೆ ಒಡಿಶಾ, ಆಂಧ್ರ ಕಡೆಯ ಜನ ಬಂದಿದ್ದಾರೆ. ಶಾಲೆಗಳಲ್ಲಿ, ಬಸ್ ಡಿಪೋಗಳಲ್ಲಿ ಬಯಲುಸೀಮೆಯ ಮಂದಿ. ಇನ್ನು ಊರಿನವರೇ ಆದರೂ, ಜೋಯಿಡಾ, ಯಲ್ಲಾಪುರದ ಕಾಡಿನೊಳಗಿನ ಮನೆಗಳಲ್ಲಿ ದನಕರು ಮಕ್ಕಳನ್ನು ಬಿಟ್ಟು ಇನ್ನೊಬ್ಬ ಹೆಂಗಸು ಹೊರಟು ಬರುವುದು ಸುಲಭ ಅಲ್ಲ. ಮಳೆಗಾಲ ಬಂದರೆ ಮುಗಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಯಾರಿಗೆ ಮರೆತಿದೆ? ಅರಬೈಲ್, ದೇವಿಮನೆ, ಅಣಶಿ, ಯಾವ ಘಟ್ಟ ಯಾವ ದಿನ ಕಟ್ಟಿಕೊಳ್ಳುತ್ತದೋ ಹೇಳಲಾಗದು. ಆ ದಿನ ಬೇನೆ ಬಂದವಳಿಗೆ ಘಟ್ಟದಾಚೆ ಇರುವ ತಾಯಿಗಿಂತ ಬೇಲಿಯಾಚೆ ಇರುವ ನೆರೆಯವಳೇ ಗತಿ.

ಹಿಂದೆ ನಮ್ಮ ಕೇರಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಅಜ್ಜಿಯಂದಿರು ಯಾರ ನೆಂಟರು? ಜಾತಿ ಬೇರೆ, ಕೇರಿ ಬೇರೆ. ನಡುರಾತ್ರಿ ಲಾಟೀನು ಹಿಡಿದು ಕರೆಯಲು ಹೋದರೆ ಎದ್ದು ಬರುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರಲ್ಲ, ಅವರು ಹೆರಿಗೆ ಮಾಡಿಸಿದ ಸಾವಿರಾರು ಮನೆಗಳೆಲ್ಲ ಅವರ ಬಳಗವೇ ಆಗಿತ್ತೇ? ಮನೆ ಹೆರಿಗೆಯ ಕಾಲ ವಾಪಸ್ ಬರಲಿ ಎನ್ನುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ನನ್ನ ದೊಡ್ಡಮ್ಮ ಮನೆಯಲ್ಲೇ ಹೆರಿಗೆಯಾಗಿ ರಕ್ತ ಹೋಗಿ ಸತ್ತವಳು. ಆಸ್ಪತ್ರೆ ಬೇಕೇ ಬೇಕು. ಆದರೆ ಆಸ್ಪತ್ರೆಗೆ ಬಂದಾಗ ಆ ಅಜ್ಜಿಯ ಕೈಯ ಬದಲು ಡಾಕ್ಟರ ಕೈ ಸಿಕ್ಕಿತು, ಅವಳ ಬಾಯಿಮಾತಿನ ಬದಲು ಏನೂ ಸಿಗಲಿಲ್ಲ.

ಸಿಸ್ಟರುಗಳ ಕಷ್ಟ ನನಗೂ ಕಂಡಿದೆ. ಒಬ್ಬರೇ ಇಷ್ಟು ಬೆಡ್ ನೋಡಬೇಕು, ಬರೆಯುವುದು ಬೇರೆ. ಒಬ್ಬರನ್ನು ಬಿಟ್ಟರೆ ಹಿಂದೆಯೇ ನಾಲ್ಕು ಜನ ನುಗ್ಗುತ್ತಾರೆ. ಒಳಗೆ ಬಂದವರು ಮೊಬೈಲ್ ತೆಗೆದು ವಿಡಿಯೋ ಮಾಡುತ್ತಾರೆ. ನೋವು ತಿನ್ನುವವಳಿಗೆ, "ನನ್ನ ಕಾಲಕ್ಕೆ ಮೂರು ದಿನ ಒದ್ದಾಡಿದ್ದೆ" ಎಂದು ತಮ್ಮ ಕತೆ ಶುರು ಮಾಡುತ್ತಾರೆ. ಇಂಥವರನ್ನು ಹೊರಗೆ ಹಾಕಿ, ನನ್ನ ಅಭ್ಯಂತರ ಇಲ್ಲ. ಆದರೆ ಇದಕ್ಕೂ ಸಂಬಂಧಕ್ಕೂ ಏನು? ವಿಡಿಯೋ ಮಾಡುವವರಲ್ಲಿ ಚಿಕ್ಕಮ್ಮ, ನಾದಿನಿಯರೇ ಜಾಸ್ತಿ.

ಒಂದು ವಿಷಯ ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳುತ್ತೇನೆ. ಪಕ್ಕದ ಮಂಚದಲ್ಲಿ ಇನ್ನೊಬ್ಬಳಿದ್ದಳು, ಚಿಕ್ಕ ಪ್ರಾಯ, ಒಬ್ಬಳೇ. ನೋವು ತಡೆಯಲಾರದೆ ಕಿರುಚಿದಾಗ ಒಬ್ಬರು, "ಆವಾಗ ಚಂದ ಆಯ್ತಲ್ಲ, ಈಗ ಯಾಕೆ ಕೂಗ್ತೆ?" ಅಂದರು. ಈ ಮಾತನ್ನು ನನ್ನ ಗಿರಾಕಿಗಳ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ, ಕಿವಿಯಾರೆ ಕೇಳಿದ್ದು ಅದೇ ಮೊದಲು. ನನ್ನ ಹುಡುಗಿಗೆ ಯಾರೂ ಹಾಗೆ ಅನ್ನಲಿಲ್ಲ. ಅವಳೇನು ಕಡಿಮೆ ಕೂಗಿದಳಾ? ಇಲ್ಲ. ಅವಳ ಪಕ್ಕ ಒಬ್ಬಳು ನಿಂತಿದ್ದಳು. ಆ ಪಕ್ಕದ ಹುಡುಗಿ ನನ್ನನ್ನೇ ನೋಡಿ, "ಅಕ್ಕಾ, ನೀರು" ಅಂದಳು. ಜೊತೆಗಾತಿ ಬೇರೆ ಬಸುರಿಯರ ಹತ್ತಿರ ಹೋಗಬಾರದು ಅನ್ನುವುದೂ ನಿಯಮದಲ್ಲಿದೆ, ಸೋಂಕಿನ ದೃಷ್ಟಿಯಿಂದ ಸರಿಯಾದದ್ದೇ. ಆಯಾನನ್ನು ಕರೆದು ಹೇಳಿದೆ, ಅವರು ಕೊಟ್ಟರು. ಅವಳ ತಾಯಿ ಹೊರಗಿನ ಬೆಂಚಿನಲ್ಲೇ ಇದ್ದರು. ನನಗೆ ಚಿಕ್ಕಮ್ಮನ ಉಪಾಯ ಹೇಳಿಕೊಟ್ಟ ಅಜ್ಜಿಯ ಪಕ್ಕದಲ್ಲೇ. ಸಂಬಂಧಿಯೇ ಆದರೂ ಅವರನ್ನು ಆ ರಾತ್ರಿ ಯಾರೂ ಒಳಗೆ ಕರೆಯಲಿಲ್ಲ, ಅವರು ಕೇಳಲೂ ಇಲ್ಲ. ಕೇಳಬಹುದು ಎಂದೇ ಅವರಿಗೆ ಗೊತ್ತಿರಲಿಲ್ಲ.

ಆದ್ದರಿಂದ ಏಳನೇ ಎಂಟನೇ ತಿಂಗಳ ತಪಾಸಣೆಯಲ್ಲೇ, "ಹೆರಿಗೆಗೆ ನಿನ್ನ ಜೊತೆ ಯಾರಿರಬೇಕು?" ಎಂದು ಬಸುರಿಯನ್ನು ಕೇಳಿ. ಜೊತೆಗೆ ಬಂದ ಅತ್ತೆ, ಗಂಡನನ್ನು ಸ್ವಲ್ಪ ಹೊರಗೆ ಕೂರಿಸಿ ಅವಳೊಬ್ಬಳನ್ನೇ ಕೇಳಿ, ಇಲ್ಲದಿದ್ದರೆ ನಿಜ ಬಾಯಿಗೆ ಬರುವುದಿಲ್ಲ. ಅವಳು ಹೇಳಿದ ಹೆಸರನ್ನು ತಾಯಿ ಕಾರ್ಡಿನಲ್ಲಿ ಬರೆಯಿರಿ. ಆ ದಿನ ಅವರು ಸಿಗದಿದ್ದರೆ ಅಂತ ಇನ್ನೊಂದು ಹೆಸರೂ ಇರಲಿ. ಬಾಗಿಲಲ್ಲಿ ಕಾರ್ಡು ನೋಡಿ ಬಿಟ್ಟರಾಯಿತು, ಯಾವ ಪಾಳಿಯವರಿಗೂ ವಾದ ಮಾಡುವ ಕೆಲಸ ಇಲ್ಲ. ಒಬ್ಬರು ಇರಬಹುದು, ಫೋನ್ ಹೊರಗೆ, ಶುಚಿಯಾಗಿ ಬನ್ನಿ ಎಂದು ಕನ್ನಡದಲ್ಲೂ ಕೊಂಕಣಿಯಲ್ಲೂ ಹಿಂದಿಯಲ್ಲೂ ಒಂದು ಬೋರ್ಡು ಹಾಕಿ. ಕೂರಲು ಒಂದು ಸ್ಟೂಲ್ ಕೊಡಿ. ನಾನು ಆ ರಾತ್ರಿಯೆಲ್ಲ ನಿಂತೇ ಇದ್ದೆ, ಮಂಡಿ ಇನ್ನೂ ಸರಿಯಾಗಿಲ್ಲ. ಖಾಸಗಿ ಆಸ್ಪತ್ರೆಯವರೂ ಇದನ್ನು ಓದುತ್ತಿದ್ದರೆ ನಿಮಗೂ ಇದೇ ಮಾತು, ನೀವಂತೂ ದುಡ್ಡು ತೆಗೆದುಕೊಳ್ಳುತ್ತೀರಿ.

ಮತ್ತೆ, ಮೇಲಿನ ಆಸ್ಪತ್ರೆಗೆ ಕಳಿಸುವಾಗ. ನಮ್ಮ ಜಿಲ್ಲೆಯಲ್ಲಿ ಕೈಮೀರಿದ ಕೇಸುಗಳು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಹೋಗುವುದು ಎಲ್ಲರಿಗೂ ಗೊತ್ತು. ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಬೀದಿಗಿಳಿದದ್ದೂ ಆಯಿತು. ಆ ಜಗಳ ಈ ಪತ್ರದ್ದಲ್ಲ. ಆದರೆ ರೆಫರ್ ಮಾಡಿದ ಕೂಡಲೇ, "ಯಾರಾದ್ರೂ ಒಬ್ರು ಹತ್ತಿ" ಅನ್ನುತ್ತಾರಲ್ಲ, ಆಗ ಮಾತ್ರ ಯಾರೂ ಏನಾಗಬೇಕು ಎಂದು ಕೇಳುವುದಿಲ್ಲ. ಆ ಹೊತ್ತಿಗೆ ನಡೆಯುವುದು ಹೆರಿಗೆ ಕೋಣೆಗೆ ಯಾಕೆ ನಡೆಯುವುದಿಲ್ಲ?

ಇದನ್ನು ಓದುವ ಹೆಂಗಸರಿಗೂ ಒಂದು ಮಾತು. ನಾಳೆ ನಿಮ್ಮನ್ನೂ ಯಾರಾದರೂ ಕೇಳಬಹುದು, ಅಷ್ಟೇನೂ ಹತ್ತಿರ ಅಲ್ಲದವರೂ. ಆಗದಿದ್ದರೆ ಆಗೂದಿಲ್ಲ ಎಂದು ಮೊದಲೇ ಹೇಳಿಬಿಡಿ, ಅದರಲ್ಲಿ ಏನೂ ತಪ್ಪಿಲ್ಲ. ರಕ್ತ ಕಂಡರೆ ತಲೆ ತಿರುಗುವವರು ಹೋಗಲೇಬೇಡಿ. ಹೋಗುವುದಾದರೆ ಹೊಟ್ಟೆಗೆ ತಿಂದು ಹೋಗಿ, ಬೆಳಗಿನವರೆಗೂ ಆದೀತು. ನಿಮ್ಮ ಹೆರಿಗೆಯ ಕತೆ ಮನೆಯಲ್ಲೇ ಬಿಟ್ಟು ಹೋಗಿ. ಡಾಕ್ಟರಿಗೆ ಬುದ್ಧಿ ಹೇಳಬೇಡಿ. ಸಿಸ್ಟರನ್ನು ಕೇಳದೆ ಏನೂ ತಿನ್ನಿಸಬೇಡಿ, ಕಷಾಯವನ್ನೂ. ಅವಳು ಬೈದರೆ ಬೈಸಿಕೊಳ್ಳಿ. ಒಳಗೆ ಕಂಡದ್ದನ್ನು ಹೊರಗೆ ಆಡಬೇಡಿ. ನಾನು ಇಷ್ಟು ಬರೆದದ್ದು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆ. ಅತ್ತೆಯ ಮಾತು ಮಾತ್ರ ತೆಗೆಯಲೇ ಎಂದು ಕೇಳಿದ್ದಕ್ಕೆ, "ಇರ್ಲಿ ಬಿಡ್ರಿ, ಅವ್ರಿಗೂ ಗೊತ್ತಾಗ್ಲಿ" ಅಂದಳು.

ಕೊನೆಗೆ, ಪರದೆ. ಒಂದು ಮಂಚಕ್ಕೂ ಇನ್ನೊಂದಕ್ಕೂ ನಡುವೆ ಮರೆ ಇಲ್ಲ, ಅದಕ್ಕೇ ಹೊರಗಿನವರನ್ನು ಬಿಡಲು ಆಗುವುದಿಲ್ಲ ಎಂದು ಆ ರಾತ್ರಿಯ ಸಿಸ್ಟರೇ ಹೇಳಿದರು. ಈ ಮಾತಿನಲ್ಲಿ ಸತ್ಯ ಇದೆ. ಗಂಡಂದಿರನ್ನು ಬಿಡಲು ಆಗದಿರುವುದಕ್ಕೂ ಇದೇ ಕಾರಣ. ಹಾಗಾದರೆ ಹೀಗೆ ಮಾಡೋಣ. ನಮ್ಮ ತಾಲೂಕಿನ ಯಾವ ಸರ್ಕಾರಿ ಆಸ್ಪತ್ರೆಯಾದರೂ ಸರಿ, ಮಂಚದ ಉದ್ದ ಮತ್ತು ಸರಳಿನ ಎತ್ತರ ಅಳತೆ ಮಾಡಿ ಹೇಳಿ ಕಳಿಸಿ. ಪದೇ ಪದೇ ಒಗೆದರೂ ಬಣ್ಣ ಬಿಡದ ದಪ್ಪ ಕಾಟನ್ ಬಟ್ಟೆ ನೀವು ಕೊಡಿಸಿ, ಕೊಕ್ಕೆ ಮತ್ತು ಸರಳು ಕೂರಿಸುವುದೂ ನಿಮ್ಮದು. ಹೊಲಿಗೆ ನನ್ನದು, ಕೂಲಿ ಬೇಡ. ಒಗೆಯಲು ಹಾಕಿದಾಗ ಮಂಚ ಬರಿದಾಗಬಾರದು, ಹಾಗಾಗಿ ಒಂದೊಂದಕ್ಕೆ ಎರಡು ಜೊತೆ ಹೊಲಿಯಬೇಕಾಗುತ್ತದೆ. ಚೌತಿ ಹತ್ತಿರ ಬಂದರೆ ನನಗೆ ರವಿಕೆಗಳ ಗಡಿಬಿಡಿ ಇರುತ್ತದೆ, ಅದಕ್ಕೆ ಮುಂಚೆಯೇ ಅಳತೆ ಬಂದರೆ ಒಳ್ಳೆಯದು.

ಇತಿ,
ಕುಮಟಾ ಕಡೆಯ ಒಬ್ಬ ಹೊಲಿಗೆಯವಳು